ನಾಲ್ಕು ಸುಗ್ಗಿ ಕಂಡ ಬೆಲ್ಟ್, ಎರಡು ಸಲ ಹಾರಿದ ಲಾಕ್

ನನ್ನ ಕೊಯ್ಲು ಯಂತ್ರಕ್ಕೆ ಈ ತಯಾರಿಕೆಯ ವಿ-ಬೆಲ್ಟ್ (ತಳಕ್ಕೆ ಕಿರಿದಾಗುವ ಬೆಲ್ಟ್) ಮತ್ತು ರೋಲರ್ ಚೈನ್ ಹಾಕಿ ನಾಲ್ಕು ಸುಗ್ಗಿಗಳಾದವು. ಮೊದಲ ವರ್ಷವೇ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ.

ಆ ವರ್ಷ ಒಕ್ಕುವ ಡ್ರಮ್ಮಿನ ಬೆಲ್ಟಿನಿಂದ ಐದನೆಯ ದಿನಕ್ಕೇ ಸುಟ್ಟ ರಬ್ಬರಿನ ವಾಸನೆ ಬಂತು. ಬಿಗಿ ಮಾಡಿದೆ, ಮತ್ತೆ ಜಾರಿತು. ಜಾರದಿರಲೆಂದು ಅಂಟಿನ ಸ್ಪ್ರೇ ಹೊಡೆದೆ. ಅರ್ಧ ದಿನ ಹಿಡಿಯಿತು, ಆಮೇಲೆ ಹೊಟ್ಟು, ಧೂಳು ಎಲ್ಲ ಮೆತ್ತಿಕೊಂಡು ಮೊದಲಿಗಿಂತ ಹೆಚ್ಚು ಜಾರಿತು. ಎಂಟನೆಯ ದಿನ ಹರಿದೇ ಹೋಯಿತು. ಬೆಳೆ ನಿಂತಲ್ಲೇ ನಿಂತಿತ್ತು, ನಾನು ತಯಾರಕರಿಗೆ ಶಾಪ ಹಾಕುತ್ತಿದ್ದೆ.

ಹರಿದ ಬೆಲ್ಟನ್ನು ಮಗುಚಿ ನೋಡಿದಾಗ ಅದರ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ವಿ-ಬೆಲ್ಟಿನ ಹಿಡಿತವೆಲ್ಲ ಎರಡು ಪಕ್ಕೆಗಳದ್ದು. ತಳ ಪುಲ್ಲಿಗೆ ತಾಗಲೇಬಾರದು. ಟಾರ್ಚ್ ಬಿಟ್ಟು ನೋಡಿದರೆ ಪುಲ್ಲಿಯ ತೋಡಿನ ತಳದಲ್ಲೂ ಅದೇ ಹೊಳಪು. ತೋಡು ಸವೆದು ಅಗಲವಾಗಿ ಬೆಲ್ಟ್ ತಳಕ್ಕೇ ಇಳಿದಿತ್ತು. ಪುಲ್ಲಿ ಬದಲಿಸಿ ಇದೇ ತಯಾರಿಕೆಯ ಬೆಲ್ಟ್ ಹಾಕಿದೆ. ಅದು ಇಂದಿಗೂ ಓಡುತ್ತಿದೆ.

ಈಗ ಸುಗ್ಗಿಗೆ ಒಂದು ತಿಂಗಳಿರುವಾಗಲೇ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಕವಚಗಳನ್ನು ಬಿಚ್ಚುತ್ತೇನೆ. ಬೆಲ್ಟನ್ನು ಕಬ್ಬಿಣದ ಸರಳಿನಿಂದ ಮೀಟಿ ಏರಿಸುವುದಿಲ್ಲ, ಒಳಗಿನ ನೂಲು ತುಂಡಾಗುತ್ತದೆ. ಬಿಗಿತದ ಪುಲ್ಲಿಯನ್ನೇ ಸಡಿಲಿಸುತ್ತೇನೆ. ಜೋಡಿ ಬೆಲ್ಟಿನಲ್ಲಿ ಒಂದು ಹೋದರೆ ಎರಡನ್ನೂ ಬದಲಿಸುತ್ತೇನೆ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಗಳಲ್ಲಿ ಸಡಿಲವಾಗುವುದರಿಂದ ಇನ್ನೊಮ್ಮೆ ಬಿಗಿ ಮಾಡಬೇಕು.

ಚೈನಿನ ಮೇಲೆ ನನಗೆ ಅಷ್ಟು ಪ್ರೀತಿಯಿಲ್ಲ. ಉಕ್ಕು ಚೆನ್ನಾಗಿದೆ, ಆದರೆ ಜೊತೆಗೆ ಬರುವ ಲಾಕ್, ಅಂದರೆ ಚೈನಿನ ಎರಡು ತುದಿ ಸೇರಿಸುವ ಕೊಂಡಿಯ ಕ್ಲಿಪ್, ತೀರಾ ಮೆದು. ಎರಡು ಸಲ ಹಾರಿಹೋಯಿತು. ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಮೊದಲ ಸಲ ನಾನೇ ಹಿಂದುಮುಂದಾಗಿ ಹಾಕಿದ್ದೆ, ಆ ತಪ್ಪನ್ನು ತಯಾರಕರ ತಲೆಗೆ ಕಟ್ಟಲಾರೆ. ಎರಡನೆಯದನ್ನು ಕಟ್ಟಿಯೇ ಕಟ್ಟುತ್ತೇನೆ. ಎಣ್ಣೆಯನ್ನು ಕೆಲಸ ಮುಗಿದು ಯಂತ್ರ ನಿಲ್ಲಿಸಿದ ಕೂಡಲೇ, ಚೈನ್ ಬೆಚ್ಚಗಿರುವಾಗಲೇ ಬಿಡುತ್ತೇನೆ. ಆಗ ಅದು ಪಿನ್ನಿನ ಸಂದಿಗೆ ಇಳಿಯುತ್ತದೆ. ಮೇಲೆ ಮೆತ್ತಿದ ಗ್ರೀಸ್ ಧೂಳು ಹಿಡಿಯುವುದಕ್ಕಷ್ಟೇ ಸರಿ.

ಪ್ರತಿ ವರ್ಷ ಚೈನನ್ನು ಬಿಗಿಯಾಗಿ ಎಳೆದು 16 ಕೊಂಡಿಗಳ ಉದ್ದವನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯುತ್ತೇನೆ. ನನ್ನ ಚೈನಿನಲ್ಲಿ ಕೊಂಡಿಗೆ 15.875 ಮಿ.ಮೀ., ಹಾಗಾಗಿ ಹೊಸದರಲ್ಲಿ 254 ಇತ್ತು. ಅದು ಸವೆದು ಶೇ. 2ರಷ್ಟು ಉದ್ದವಾಗಿ, ಅಂದರೆ 259ಕ್ಕೆ ಮುಟ್ಟಿದರೆ ಬಿಗಿ ಮಾಡುತ್ತಾ ಕೂರುವುದಿಲ್ಲ, ಬದಲಿಸುತ್ತೇನೆ. ಈ ಸಲ 260 ಬಂದಿದೆ. ಚೈನ್ ಓಡುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಹಲ್ಲುಗಳೂ ಕೊಕ್ಕೆಯಂತೆ ಬಾಗಿವೆ. ಎರಡನ್ನೂ ಇದೇ ತಯಾರಿಕೆಯವನ್ನೇ ತರಿಸಿದ್ದೇನೆ. ಲಾಕ್ ಮಾತ್ರ ಬೇರೆಯವರದು.