ಹಳೇ ಚೌಕಿ ಮನೆಯ ಮರ ಬಿಚ್ಚಿ ತಂದು ಕಟ್ಟಿದ್ದೇವೆ: ಹಲವು ಮಳೆಗಾಲದ ನಂತರದ ಅನುಭವ

ಉಡುಪಿ ಕಡೆಯ ಒಂದು ಹಳೇ ಚೌಕಿ ಮನೆಯ (ನಡುವೆ ಅಂಗಳ ಇರುವ ಮನೆ) ಕಂಬ, ತೊಲೆ, ಪಕ್ಕಾಸು (ಮಾಡಿನ ಇಳಿಜಾರು ಮರ), ಮುಚ್ಚಿಗೆ (ಮರದ ಒಳಮಾಡು) ಎಲ್ಲವನ್ನೂ ಬಿಚ್ಚಿಸಿ ತಂದು ನಮ್ಮ ಜಾಗದಲ್ಲಿ ನಿಲ್ಲಿಸಿದ್ದೇವೆ. ಈಗ ಅದರಲ್ಲೇ ವಾಸ. ಕೊಳ್ಳುವ ಯೋಚನೆ ಇರುವವರಿಗೆ ಹೇಳುವುದು ಇಷ್ಟೇ: ಮರವನ್ನು ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ ತರಬೇಡಿ, ಇಡೀ ಚೌಕಟ್ಟನ್ನೇ ತನ್ನಿ.

ಬೆಲೆ ಇರುವುದು ಅದರ ಕೂಡಿಕೆಯಲ್ಲಿ. ನಮ್ಮ ತೊಲೆಗಳಿಗೆ ಒಂದು ಮೊಳೆಯೂ ಇಲ್ಲ. ಕಂಬದ ಮೇಲೆ ಬೋದಿಗೆ (ತೊಲೆ ಹೊರುವ ಅಡ್ಡ ತುಂಡು), ಅದರ ಮೇಲೆ ತೊಲೆ, ಬಿಗಿಯಲು ಮರದ ಬೆಣೆ. ಹಾಗಾಗಿ ಬಿಚ್ಚುವ ಮೊದಲೇ ಪ್ರತಿ ತುಂಡಿಗೂ ಉಳಿಯಿಂದ ಗುರುತು ಕೊರೆಸಬೇಕು. ನಮಗೆ ಮಾರಿದವರು ಸೀಮೆಸುಣ್ಣದಲ್ಲಿ ನಂಬರು ಬರೆದು ಕಳಿಸಿದ್ದರು. ಒಂದೇ ಮಳೆಗೆ ಎಲ್ಲ ಅಳಿಸಿಹೋಯಿತು. ಊರಿನ ಹಿರಿಯ ಆಚಾರಿಯೊಬ್ಬರು ತೂತಿಗೆ ತುದಿ ಹೊಂದಿಸಿ ನೋಡುತ್ತಾ ಒಂದೊಂದಕ್ಕೂ ಜಾಗ ಹುಡುಕಿದರು. ಅವರಿಲ್ಲದಿದ್ದರೆ ಅದು ಬರೀ ಸೌದೆ ರಾಶಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಹೀಗೇ ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಅಲ್ಲಿನ ಕುಂಜೂರು ಚೌಕಿ ಮನೆ ನೋಡಿದರೆ ಆ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಗೊತ್ತಾಗುತ್ತದೆ.

ಮರದ ಬಗ್ಗೆ ನನಗೆ ದೂರಿಲ್ಲ. ಪಕ್ಕಾಸು ಕಿರಾಲ್‌ಬೋಗಿ ಎಂಬ ಗಟ್ಟಿ ಮರದ್ದು, ಕಂಬ, ಬಾಗಿಲು ಹಲಸಿನವು. ಕಾಲದಿಂದ ಒಣಗಿದ ಮರ ಅಲ್ವಾ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೂ ಬಾಗಿಲು ಉಬ್ಬಿ ಕಚ್ಚಿಕೊಳ್ಳುವುದಿಲ್ಲ. ಬಲಹೀನ ಜಾಗ ಎರಡು: ಗೋಡೆಯೊಳಗೆ ಹೂತಿದ್ದ ತೊಲೆಯ ತುದಿ, ಮತ್ತೆ ಕಂಬದ ಬುಡ. ಉಳಿಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಆ ತುಂಡಿಗೆ ದುಡ್ಡು ಕೊಡಬೇಡಿ. ನಾವು ಹಾಳಾದ ಬುಡ ಕೊಯ್ಸಿ, ಗಿಡ್ಡವಾದಷ್ಟು ಎತ್ತರಕ್ಕೆ ಶಿಲೆಕಲ್ಲು ಕೊಟ್ಟೆವು. ಈಗ ನೆಲದ ತೇವ ಮರಕ್ಕೆ ಏರುವುದಿಲ್ಲ. ಮಾಡಿನ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿಸಿದ್ದೇವೆ, ವರಲೆ (ಗೆದ್ದಲು) ಬಂದಿಲ್ಲ. ಆ ಎಣ್ಣೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ.

ಉಳಿದ ಪಕ್ಕಾಸಿನಲ್ಲಿ ಒಂದು ದನದ ಹಟ್ಟಿಯೂ ಆಯಿತು. ಅದಕ್ಕೂ ಮಂಗಳೂರು ಹಂಚೇ.

ಖರ್ಚು ಕಡಿಮೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಚ್ಚುವ, ಸಾಗಿಸುವ, ನಿಲ್ಲಿಸುವ ಕೂಲಿಯೇ ಮರದ ಬೆಲೆಗಿಂತ ಜಾಸ್ತಿ ಬಂತು. ಲಾರಿ ಕರೆಸುವ ಮೊದಲು ಅರಣ್ಯ ಇಲಾಖೆಯಲ್ಲಿ ಸಾಗಾಟದ ಪಾಸ್ ಬಗ್ಗೆ ವಿಚಾರಿಸಿ. ಹಳೇ ಮನೆ ನಿಂತಿದ್ದಾಗಲೇ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಮರ ಎಲ್ಲಿಂದ ಬಂತು ಅಂತ ತೋರಿಸಲೂ ಅದು ಬೇಕು, ಆಚಾರಿಗೂ ಬೇಕು.