ಸ್ಪಿತಿಯ ಚಳಿಗಾಲಕ್ಕೆ ಯಾವ ಟೈರ್ ಚೈನು? ಏಣಿ, ಡೈಮಂಡ್, ಪ್ಲಾಸ್ಟಿಕ್ ಮತ್ತು ಬಟ್ಟೆಯ ಹೋಲಿಕೆ

ಮಲೆನಾಡು ಮತ್ತು ಕೊಡಗಿನ ತೋಟದ ದಾರಿಗಳಲ್ಲಿ ಮಳೆಗಾಲ ಬಂತೆಂದರೆ ಜೀಪಿನ ಚಕ್ರಕ್ಕೆ ಚೈನು ಕಟ್ಟುವುದು ಹೊಸ ಸಂಗತಿಯೇನಲ್ಲ. ಎರಡು ಉದ್ದನೆಯ ಸರಪಳಿಗಳ ನಡುವೆ ಅಡ್ಡ ಸರಪಳಿಗಳನ್ನು ಜೋಡಿಸಿದ, ಏಣಿಯ ಆಕಾರದ ಆ ಚೈನೇ ನಮ್ಮವರಿಗೆ ಪರಿಚಿತವಾದದ್ದು. ಕೆಸರಿಗೆ ಅದಕ್ಕಿಂತ ಉತ್ತಮವಾದದ್ದನ್ನು ನಾನೂ ಕಂಡಿಲ್ಲ. ಆದರೆ ಬೆಂಗಳೂರಿನಿಂದ ಫೋರ್-ವೀಲ್ ಡ್ರೈವ್ ಗಾಡಿಯನ್ನು ಓಡಿಸಿಕೊಂಡು ಜನವರಿ, ಫೆಬ್ರವರಿಯ ಹಿಮದಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೊರಡುವವರು ಅದೇ ಚೈನನ್ನು ಅಲ್ಲಿಗೂ ಒಯ್ಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ಏಣಿ ಚೈನು, ಡೈಮಂಡ್ ಮಾದರಿಯ ಉಕ್ಕಿನ ಚೈನು, ಪ್ಲಾಸ್ಟಿಕ್ ಪಟ್ಟಿಗಳು ಮತ್ತು ಬಟ್ಟೆಯ ಹೊದಿಕೆ, ಈ ನಾಲ್ಕನ್ನೂ ನನ್ನ ಮಾರುತಿ ಜಿಮ್ನಿ ಗಾಡಿಗೆ ಕಟ್ಟಿ ಸ್ಪಿತಿ ಮತ್ತು ಪಕ್ಕದ ಲಾಹೌಲಿನ ದಾರಿಗಳಲ್ಲಿ ಓಡಿಸಿ ನೋಡಿದ ಮೇಲೆ ನನ್ನ ಉತ್ತರ ಸ್ಪಷ್ಟವಾಗಿದೆ: ಅಲ್ಲಿಗೆ ಬೇಕಾದದ್ದು ಡೈಮಂಡ್ ಮಾದರಿ. ಅದರ ಕಾರಣ ಹಿಮದ ಆಳದಲ್ಲಿಲ್ಲ, ದಾರಿಯ ಓರೆಯಲ್ಲಿದೆ.

ಆ ನೆಲದ ಸ್ವಭಾವವನ್ನು ಮೊದಲು ತಿಳಿಯಬೇಕು. ಚಳಿಗಾಲದಲ್ಲಿ ಮನಾಲಿಯ ಕಡೆಯಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ದಾರಿಯಿರುವುದಿಲ್ಲ, ಏಕೆಂದರೆ 4,500 ಮೀಟರಿಗಿಂತ ಎತ್ತರದ ಕುಂಜುಂ ಕಣಿವೆದಾರಿ ಹಿಮದಿಂದ ಮುಚ್ಚಿರುತ್ತದೆ. ಆದ್ದರಿಂದ ಶಿಮ್ಲಾ, ರಾಮ್‌ಪುರ, ಪೂಹ್, ನಾಕೋ, ತಾಬೋ ಮಾರ್ಗವಾಗಿಯೇ ಹೋಗಬೇಕು. ಈ ಹೆದ್ದಾರಿಯ ಹಿಮವನ್ನು ಯಂತ್ರಗಳಿಂದ ತೆರವುಗೊಳಿಸುತ್ತಿರುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ಕಾಜಾದಿಂದ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಊರುಗಳಿಗೆ ಏರುವ ಕಿರುದಾರಿಗಳಲ್ಲಿ. ಅಲ್ಲಿ ಬಿದ್ದ ಹಿಮವನ್ನು ಮೊದಲು ಹೋದ ಗಾಡಿಗಳು ತುಳಿದು ಗಟ್ಟಿ ಮಾಡಿರುತ್ತವೆ, ಮಧ್ಯಾಹ್ನದ ಬಿಸಿಲಿಗೆ ಅದರ ಮೇಲ್ಪದರ ಕರಗುತ್ತದೆ, ಸಂಜೆಯಾಗುತ್ತಲೇ ಮತ್ತೆ ಹೆಪ್ಪುಗಟ್ಟುತ್ತದೆ. ಬಿಸಿಲಿಗೆ ಮುಖಮಾಡಿದ ಇಳಿಜಾರಿನಲ್ಲಿ ಬರಿಯ ಡಾಂಬರು ಇಲ್ಲವೇ ಜಲ್ಲಿ, ಮುಂದಿನ ತಿರುವಿನ ನೆರಳಿನಲ್ಲಿ ಒತ್ತಿದ ಹಿಮ, ಅದರಾಚೆ ಝರಿಯೊಂದು ದಾರಿಗೆ ಅಡ್ಡಲಾಗಿ ಹರಿದು ಹೆಪ್ಪುಗಟ್ಟಿದ ನೀರ್ಗಲ್ಲು, ಹೀಗೆ ಒಂದು ಗಂಟೆಯ ಪ್ರಯಾಣದಲ್ಲಿ ನೆಲವು ಮತ್ತೆ ಮತ್ತೆ ಬದಲಾಗುತ್ತದೆ. ಜೊತೆಗೆ ಬಹಳ ಕಡೆ ದಾರಿಯೇ ಕಣಿವೆಯ ಕಡೆಗೆ ವಾಲಿರುತ್ತದೆ.

ಏಣಿ ಚೈನಿನ ಬಲ ಮತ್ತು ದೌರ್ಬಲ್ಯ ಎರಡೂ ಅದರ ಅಡ್ಡ ಸರಪಳಿಯಲ್ಲಿವೆ. ಟೈರಿನ ಅಗಲಕ್ಕೆ ನೇರವಾಗಿ ಕೂರುವ ಆ ಸರಪಳಿಗಳು ದೋಣಿಯ ಹುಟ್ಟಿನಂತೆ ಮೆದುವಾದ ಹಿಮವನ್ನೋ ಕೆಸರನ್ನೋ ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದೊಯ್ಯುತ್ತವೆ, ಮತ್ತು ನಡುವಿನ ತೆರಪಿನಿಂದ ಮೆತ್ತಿಕೊಂಡದ್ದು ಸುಲಭವಾಗಿ ಕಳಚಿ ಬೀಳುತ್ತದೆ. ಮೊಣಕಾಲುದ್ದದ ಹೊಸ ಹಿಮದಲ್ಲಿ ನೇರವಾದ ಏರನ್ನು ಹತ್ತುವಾಗ ಇದನ್ನು ಮೀರಿಸುವ ಚೈನು ನಾನು ಕಟ್ಟಿದವುಗಳಲ್ಲಿ ಇರಲಿಲ್ಲ. ಆದರೆ ಎರಡು ಅಡ್ಡ ಸರಪಳಿಗಳ ನಡುವಿನ ಜಾಗದಲ್ಲಿ ನೆಲಕ್ಕೆ ತಾಗುವುದು ಬರಿಯ ರಬ್ಬರು. ಚಕ್ರ ಉರುಳುತ್ತಿರುವಾಗ ಹಿಡಿತ ಬಂದು ಹೋಗಿ ಮಾಡುತ್ತದೆ. ಸ್ಟೀರಿಂಗಿನಲ್ಲಿ ಅದು ಎಡೆಬಿಡದ ಕಂಪನವಾಗಿ ಕೈಗೆ ತಿಳಿಯುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಅಡ್ಡ ಸರಪಳಿಯು ಮುಂದೆ ಹಿಂದೆ ಜಾರುವುದನ್ನು ತಡೆಯುತ್ತದೆಯೇ ಹೊರತು ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ, ಏಕೆಂದರೆ ಪಕ್ಕಕ್ಕೆ ಜಾರುವ ದಿಕ್ಕು ಮತ್ತು ಸರಪಳಿ ಮಲಗಿರುವ ದಿಕ್ಕು ಒಂದೇ. ಕೋಮಿಕ್‌ನಿಂದ ಇಳಿಯುವಾಗ ಕಣಿವೆಯ ಕಡೆಗೆ ವಾಲಿದ ತಿರುವೊಂದರಲ್ಲಿ ಗಾಡಿಯ ಮೂತಿ ಸರಿಯಾದ ದಿಕ್ಕಿಗೇ ಇದ್ದರೂ ಇಡೀ ಗಾಡಿ ಮೆಲ್ಲನೆ ಅಂಚಿನ ಕಡೆಗೆ ಸರಿಯತೊಡಗಿತು. ಹಿಮದ ದಿಬ್ಬವೊಂದಕ್ಕೆ ಚಕ್ರ ಒರಗಿದ ಮೇಲೆಯೇ ನಿಂತದ್ದು. ಸಮತಟ್ಟಾದ ಕೆಸರುದಾರಿಯಲ್ಲಿ ಈ ಗುಣ ಲೆಕ್ಕಕ್ಕೇ ಬರುವುದಿಲ್ಲ, ಸ್ಪಿತಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಲೆಕ್ಕ.

ಡೈಮಂಡ್ ಮಾದರಿಯಲ್ಲಿ ಸರಪಳಿಗಳು ಟೈರಿನ ಮೇಲೆ ಓರೆಯಾಗಿ ಹೆಣೆದು ಚೌಕಗಳಾಗುತ್ತವೆ. ಚಕ್ರ ಎಲ್ಲಿಗೇ ಉರುಳಿರಲಿ, ನೆಲಕ್ಕೆ ತಾಗುವ ಜಾಗದಲ್ಲಿ ಒಂದಲ್ಲ ಒಂದು ಸರಪಳಿ ಇದ್ದೇ ಇರುತ್ತದೆ, ಮತ್ತು ಓರೆಯಾದ ಸರಪಳಿ ಮುಂದಕ್ಕೂ ಪಕ್ಕಕ್ಕೂ ಕಚ್ಚುತ್ತದೆ. ಅದೇ ತಿರುವನ್ನು ಅದೇ ನಡಿಗೆಯ ವೇಗದಲ್ಲಿ ಈ ಚೈನಿನೊಂದಿಗೆ ಇಳಿದಾಗ ಗಾಡಿ ಹಿಡಿದ ಗೆರೆಯನ್ನು ಬಿಡಲಿಲ್ಲ. ಕಂಪನವೂ ಗಣನೀಯವಾಗಿ ಕಡಿಮೆ. ಇದರ ಕೊರತೆಗಳನ್ನೂ ಹೇಳಬೇಕು: ಅಂಟುವ ಕೆಸರಿನಲ್ಲಿ ಚೌಕಗಳು ತುಂಬಿಕೊಂಡು ಬಿಡುತ್ತವೆ, ಒಂದು ಕೊಂಡಿ ತುಂಡಾದರೆ ದಾರಿಯಲ್ಲಿ ಸರಿಪಡಿಸುವುದು ಏಣಿ ಚೈನಿನಷ್ಟು ಸುಲಭವಲ್ಲ, ಬೆಲೆಯೂ ಹೆಚ್ಚು. ಕೊಳ್ಳುವಾಗ ಕೊಂಡಿಯ ಅಡ್ಡಕೊಯ್ತವನ್ನು ಗಮನಿಸಬೇಕು. ದುಂಡು ಕಂಬಿಯ ಕೊಂಡಿಗಿಂತ ಅಂಚುಗಳಿರುವ ಚೌಕ ಅಥವಾ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಕೊಂಡಿ ನೀರ್ಗಲ್ಲನ್ನು ಚೆನ್ನಾಗಿ ಕೊರೆಯುತ್ತದೆ. ಪೆಟ್ಟಿಗೆಯ ಮೇಲೆ ಆಸ್ಟ್ರಿಯಾದ ಓ-ನಾರ್ಮ್ ವಿ 5117 ಅಥವಾ 2020ರ ಯುರೋಪಿನ ಇಎನ್ 16662-1 ಮಾನದಂಡದ ಗುರುತಿದ್ದರೆ ಒಳ್ಳೆಯದು.

ನನ್ನ ಮನಸ್ಸನ್ನು ಗೆದ್ದದ್ದು ಇದರ ಹಿಡಿತಕ್ಕಿಂತಲೂ ಕಟ್ಟುವ ವಿಧಾನ. ಒಳಭಾಗದಲ್ಲಿ ಸರಪಳಿಯ ಬದಲು ಬಾಗುವ ಉಕ್ಕಿನ ಬಳೆಯೊಂದಿರುತ್ತದೆ. ಚಕ್ರದ ಹಿಂದಿನಿಂದ ಅದನ್ನು ತೂರಿಸಿ, ಬಣ್ಣ ಬಳಿದ ಎರಡು ತುದಿಗಳನ್ನು ಟೈರಿನ ಮೇಲ್ಭಾಗದಲ್ಲಿ ಒಂದಕ್ಕೊಂದು ಸಿಕ್ಕಿಸಿ, ಬಳೆಯನ್ನು ಟೈರಿನ ಹಿಂಬದಿಗೆ ತಳ್ಳಿ, ಹೊರಗಿನ ಕೊಕ್ಕೆ ಹಾಕಿ, ಬಿಗಿಯುವ ಸರಪಳಿಯನ್ನು ಲಾಕಿನ ಮೂಲಕ ಎಳೆದರೆ ಮುಗಿಯಿತು. ಗಾಡಿಯನ್ನು ಹಿಂದೆ ಮುಂದೆ ಓಡಿಸುವ ಅಗತ್ಯವಿಲ್ಲ. ಏಣಿ ಚೈನಿಗಾದರೆ ಅದನ್ನು ಟೈರಿನ ಮೇಲೆ ಹೊದಿಸಿ, ತುದಿಗಳನ್ನು ಚಕ್ರದಡಿ ಸಿಕ್ಕಿಸಿ, ಗಾಡಿಯನ್ನು ಸ್ವಲ್ಪ ಉರುಳಿಸಿ, ಒಳಬದಿಯ ಕೊಕ್ಕೆಯನ್ನು ಕಣ್ಣಿಗೆ ಕಾಣದೆ ಬೆರಳಿನ ಸ್ಪರ್ಶದಿಂದಲೇ ಹುಡುಕಿ ಹಾಕಬೇಕು. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ, ದಪ್ಪ ಕೈಗವಸಿನೊಳಗೆ ಮರಗಟ್ಟಿದ ಬೆರಳುಗಳಿಗೆ ಆ ಒಳಕೊಕ್ಕೆ ಸುಲಭಕ್ಕೆ ಸಿಗುವುದಿಲ್ಲ.

ಇದು ಬರಿಯ ಅನುಕೂಲದ ಮಾತಲ್ಲ. ನೆಲ ಮತ್ತೆ ಮತ್ತೆ ಬದಲಾಗುವ ದಾರಿಯಲ್ಲಿ ಚೈನನ್ನು ಬಿಚ್ಚುವುದು ಕಟ್ಟುವುದರಷ್ಟೇ ಮುಖ್ಯ. ಬಿಚ್ಚಲು ಬೇಸರಪಟ್ಟು ಬರಿಯ ಡಾಂಬರಿನ ಮೇಲೆ ಬಹುದೂರ ಓಡಿಸಿದರೆ ಉಕ್ಕು ಬೇಗನೆ ಸವೆಯುತ್ತದೆ. ಕಟ್ಟಲು ಬೇಸರಪಟ್ಟು ಹೆಪ್ಪುಗಟ್ಟಿದ ಝರಿಗೆ ಬರಿ ಟೈರಿನಲ್ಲಿ ಇಳಿಯುವವರೂ ಇದ್ದಾರೆ, ಅದು ಇನ್ನೂ ಅಪಾಯಕಾರಿ. ಹತ್ತು ನಿಮಿಷದಲ್ಲಿ ಕಟ್ಟಿ ಅದಕ್ಕಿಂತ ಬೇಗ ಬಿಚ್ಚಬಹುದಾದ ಚೈನನ್ನು ಮನುಷ್ಯ ನಿಜವಾಗಿ ಬಳಸುತ್ತಾನೆ.

ಪ್ಲಾಸ್ಟಿಕ್ ಪಟ್ಟಿಗಳ ವಿಷಯಕ್ಕೆ ಬಂದರೆ, ಇಲ್ಲಿ ಹೇಳುತ್ತಿರುವುದು ಪಾಲಿಯುರೆಥೇನಿನಿಂದ ಮಾಡಿದ, ಚಕ್ರದ ಕಡ್ಡಿಗಳ ನಡುವೆ ತೂರಿಸಿ ಒಂದೊಂದಾಗಿ ಬಿಗಿಯುವ ಬಿಡಿ ಪಟ್ಟಿಗಳನ್ನು. ಆನ್‌ಲೈನ್ ಅಂಗಡಿಗಳಲ್ಲಿ ‘ಎಲ್ಲ ಗಾಡಿಗಳಿಗೂ ಹೊಂದುತ್ತದೆ’ ಎಂಬ ಹೇಳಿಕೆಯೊಂದಿಗೆ ಸಿಗುವುದು ಹೆಚ್ಚಾಗಿ ಇವೇ. ತೂಕ ಕಡಿಮೆ, ಬೆಲೆ ಕಡಿಮೆ, ಅಲಾಯ್ ಚಕ್ರಕ್ಕೆ ಗೀರು ಬೀಳುವ ಭಯ ಕಡಿಮೆ. ಅಟಲ್ ಸುರಂಗ ದಾಟಿ ಸಿಸ್ಸುವಿನ ಸಮತಟ್ಟಾದ, ಒತ್ತಿದ ಹಿಮದ ಮೇಲೆ ಅವು ಸಮರ್ಪಕವಾಗಿಯೇ ನಡೆದವು. ಆದರೆ ಗಟ್ಟಿ ನೀರ್ಗಲ್ಲಿನ ಮೇಲೆ ಅವುಗಳ ಮುಳ್ಳುಗಳು ಕೊರೆಯದೆ ಮೇಲೆಯೇ ಜಾರಿದವು, ಚಳಿ ಹೆಚ್ಚಿದ ಬೆಳಿಗ್ಗೆ ಪಟ್ಟಿಗಳು ಬಿರುಸಾಗಿ ಗಾಡಿಯ ಹೀಟರಿನ ಮುಂದೆ ಹಿಡಿದು ಮೆದು ಮಾಡದೆ ಬಾಗಲಿಲ್ಲ, ಮತ್ತು ಒಂದು ಪಟ್ಟಿಯ ಬಕ್ಕಲು ಹಲ್ಲು ಜಾರಿ ಪಕ್ಕಕ್ಕೆ ಸರಿಯಿತು. ಕೊಳ್ಳುವ ಮುನ್ನ ಇನ್ನೊಂದನ್ನು ನೋಡಲೇಬೇಕು: ಚಕ್ರದ ಒಳಗೆ ಬ್ರೇಕ್ ಕ್ಯಾಲಿಪರ್ (ಬ್ರೇಕಿನ ಡಿಸ್ಕನ್ನು ಅದುಮುವ ಭಾಗ) ಮತ್ತು ರಿಮ್ಮಿನ ನಡುವೆ ತೆರಪು ಸಾಲದಿದ್ದರೆ ಪಟ್ಟಿ ಕ್ಯಾಲಿಪರಿಗೆ ಉಜ್ಜಿ ಹರಿಯುತ್ತದೆ. ಹಿಮದಲ್ಲಿ ಹೂತುಹೋದ ಗಾಡಿಯನ್ನು ನಾಲ್ಕು ಮಾರು ಎಳೆದು ಹೊರತರಲು ಇವು ಉಪಯುಕ್ತ, ಏಕೆಂದರೆ ಹೂತ ಚಕ್ರಕ್ಕೆ ಬೇರೆ ಯಾವ ಚೈನನ್ನೂ ಸುತ್ತಲಾಗುವುದಿಲ್ಲ. ಆ ಒಂದು ಕಾರಣಕ್ಕೆ ನನ್ನ ಗಾಡಿಯಲ್ಲಿ ಇಂದಿಗೂ ಕೆಲವು ಪಟ್ಟಿಗಳಿವೆ.

ಟೈರಿನ ಮೇಲೆ ಕಾಲುಚೀಲದಂತೆ ಎಳೆದು ಹಾಕುವ ಬಟ್ಟೆಯ ಹೊದಿಕೆ ಕಿರುದಾರಿಗಳಿಗಲ್ಲ. ತಾಜಾ, ಒಣ ಹಿಮದ ಮೇಲೆ ಅದರ ಹಿಡಿತ ನಿಜಕ್ಕೂ ಚೆನ್ನಾಗಿದೆ, ಆದರೆ ಜಲ್ಲಿ ಮತ್ತು ಡಾಂಬರು ಅದನ್ನು ಬಹುಬೇಗ ತಿಂದುಹಾಕುತ್ತವೆ.

ಇನ್ನು ಒಂದು ಜೊತೆ ಸಾಕೇ, ಎರಡು ಬೇಕೇ ಎಂಬುದು. ಒಂದೇ ಜೊತೆಯಿದ್ದರೆ ಯಾವ ಆಕ್ಸಲಿಗೆ ಎಂಬುದನ್ನು ಗಾಡಿಯ ಕೈಪಿಡಿಯೇ ಹೇಳಬೇಕು, ಏಕೆಂದರೆ ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರದ ಬಳಿ ಚೈನಿಗೆ ಜಾಗವೇ ಇರುವುದಿಲ್ಲ. ಜಾಗವಿದ್ದರೂ ಎರಡು ಆಯ್ಕೆಗಳೂ ಅರೆಬರೆಯೇ. ಮುಂದಿನ ಚಕ್ರಗಳಿಗಷ್ಟೇ ಕಟ್ಟಿ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಮುಂಭಾಗ ಕಚ್ಚಿ ನಿಲ್ಲುತ್ತದೆ, ಹಿಡಿತವಿಲ್ಲದ ಹಿಂಭಾಗ ಪಕ್ಕಕ್ಕೆ ತಿರುಗಿಕೊಂಡು ಬರುತ್ತದೆ. ಹಿಂದಿನ ಚಕ್ರಗಳಿಗಷ್ಟೇ ಕಟ್ಟಿದರೆ ಏರುವಾಗ ಸೊಗಸು, ಇಳಿಯುವಾಗ ಮಾತ್ರ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತದೆ. ಲಾಂಗ್ಜಾ, ಕೋಮಿಕ್ ಬಗೆಯ ದಾರಿಗೆ ನಾಲ್ಕೂ ಚಕ್ರಗಳಿಗೆ ಚೈನು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದುಡ್ಡು ಉಳಿಸಬೇಕೆಂದರೆ ಬೇರೆಲ್ಲಾದರೂ ಉಳಿಸಲಿ.

ಅಳತೆಯ ಬಗ್ಗೆ ರಾಜಿ ಸಲ್ಲದು. ಜಿಮ್ನಿಯ ಕಂಪನಿ ಟೈರಿನ ಅಳತೆ 195/80 ಆರ್15, ಚೈನಿನ ಪೆಟ್ಟಿಗೆಯ ಮೇಲೆ ಇದೇ ಅಳತೆ ಅಚ್ಚಾಗಿರಬೇಕು. ಟೈರನ್ನು ಬದಲಿಸಿ ದೊಡ್ಡದನ್ನು ಹಾಕಿಸಿದವರು ಆ ದೊಡ್ಡ ಅಳತೆಗೇ ಚೈನು ಕೊಳ್ಳಬೇಕು, ಜೊತೆಗೆ ಚಕ್ರದ ಗೂಡಿನಲ್ಲಿ ಉಳಿದಿರುವ ತೆರಪನ್ನೂ ಪರೀಕ್ಷಿಸಬೇಕು. ಊರಿನಲ್ಲೇ, ಮನೆಯ ಮುಂದೆ ಚೈನು ಕಟ್ಟಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಬ್ರೇಕಿನ ಹೋಸು ಮತ್ತು ಎಬಿಎಸ್ ಸೆನ್ಸರಿನ ತಂತಿಗೆ ಚೈನು ತಾಗುತ್ತದೆಯೇ ಎಂದು ಟಾರ್ಚು ಹಿಡಿದು ನೋಡುವುದು ಅರ್ಧ ಗಂಟೆಯ ಕೆಲಸ.

ಕೆಸರಿನಲ್ಲೂ ಮರಳಿನಲ್ಲೂ ಗಾಳಿ ಇಳಿಸಿ ಓಡಿಸಿ ರೂಢಿಯಾದವರು ಇಲ್ಲೊಂದು ವಿಷಯವನ್ನು ಗಮನಿಸಬೇಕು. ಗಾಳಿ ಇಳಿಸಿದ ಟೈರು ಅಗಲವಾಗಿ ಹರಡಿ ಹಿಮದ ಮೇಲೆ ತೇಲಲು ಯತ್ನಿಸುತ್ತದೆ, ಚೈನು ಹಿಮವನ್ನು ಒತ್ತಿ ಕಚ್ಚಲು ಯತ್ನಿಸುತ್ತದೆ. ಎರಡೂ ವಿರುದ್ಧ ದಿಕ್ಕಿನ ಉಪಾಯಗಳು. ಚೈನು ಕಟ್ಟಿದ ಮೇಲೆ ಗಾಳಿ ಇಳಿಸಿದರೆ ಅದು ಸಡಿಲವಾಗಿ ಟೈರಿನ ಪಕ್ಕೆಯನ್ನು ಕೊಯ್ಯಬಹುದು. ಚಳಿಗೆ ಗಾಳಿಯ ಒತ್ತಡ ಇಳಿಯುವುದು ನಿಜವಾದರೂ ಎತ್ತರವು ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ: ಬೆಂಗಳೂರಿನಲ್ಲಿ 25 ಡಿಗ್ರಿಯಲ್ಲಿ 33 ಪಿಎಸ್‌ಐ ತೋರಿಸಿದ ಟೈರು, ಸುಮಾರು 3,800 ಮೀಟರ್ ಎತ್ತರದ ಕಾಜಾದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಗಾಳಿ ಸೋರದಿದ್ದರೆ ಲೆಕ್ಕದ ಪ್ರಕಾರ 30ರ ಆಸುಪಾಸಿನಲ್ಲಿರುತ್ತದೆ. ಚೈನು ಕಟ್ಟುವ ಮೊದಲು ಅಳೆದು, ಕೈಪಿಡಿಯ ಮಟ್ಟಕ್ಕೆ ತಂದುಕೊಂಡರೆ ಸಾಕು.

ಕಟ್ಟಿದ ಮೇಲೆ ನೂರು ಮೀಟರಿನೊಳಗೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯುವುದನ್ನು ಯಾವ ಮಾದರಿಗೂ ತಪ್ಪಿಸಬಾರದು. ತಾನೇ ಬಿಗಿದುಕೊಳ್ಳುತ್ತದೆ ಎಂಬ ಚೈನನ್ನೂ ನಾನು ಕೈಯಿಂದ ಎಳೆದು ನೋಡುತ್ತೇನೆ. ಸಾಮಾನ್ಯವಾಗಿ ಚೈನು ತಯಾರಕರು ಹೇಳುವ ಮಿತಿ ಗಂಟೆಗೆ 50 ಕಿಲೋಮೀಟರ್, ಈ ದಾರಿಗಳಲ್ಲಿ ಇಪ್ಪತ್ತೇ ಹೆಚ್ಚು. ಚೈನನ್ನು ಕೊಲ್ಲುವುದು ದೂರವಲ್ಲ, ನಿಂತಲ್ಲೇ ಸುತ್ತುವ ಚಕ್ರ. ಲೋ ರೇಂಜಿನಲ್ಲಿ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಫೋರ್-ವೀಲ್ ಡ್ರೈವ್ ಗೇರು), ಎರಡನೆಯ ಗೇರಿನಲ್ಲಿ ಮೆಲ್ಲನೆ ಹೊರಟು, ಇಳಿಯುವಾಗ ಬ್ರೇಕಿಗಿಂತ ಎಂಜಿನ್ನಿನ ತಡೆಯನ್ನೇ ನೆಚ್ಚಿಕೊಂಡರೆ ಉಕ್ಕು ಬಹುಕಾಲ ಬಾಳುತ್ತದೆ.

ಸಂಜೆ ಒದ್ದೆ ಚೈನನ್ನು ಚೀಲಕ್ಕೆ ತುರುಕಿ ಗಾಡಿಯಲ್ಲೇ ಬಿಟ್ಟರೆ ಬೆಳಗ್ಗೆ ಅದು ಒಂದೇ ಗಡ್ಡೆಯಾಗಿ ಹೆಪ್ಪುಗಟ್ಟಿರುತ್ತದೆ, ಡೈಮಂಡ್ ಚೈನಿನ ಲಾಕಿನೊಳಗೆ ಸೇರಿದ ನೀರಂತೂ ಅದನ್ನು ಅಲುಗಾಡದಂತೆ ಮಾಡುತ್ತದೆ. ಕಾಜಾದ ಮನೆಗಳಲ್ಲಿ ಉರಿಯುವ ತಂದೂರ್ ಒಲೆಯಿಂದ ತುಸು ದೂರದಲ್ಲಿ, ಹಳೆಯ ಗೋಣಿಯ ಮೇಲೆ ಹರಡಿ ಒಣಗಿಸಿ, ಲಾಕಿಗೆ ಎರಡು ಹನಿ ತೆಳು ಎಣ್ಣೆ ಬಿಟ್ಟು, ಸವೆದು ತೆಳುವಾದ ಕೊಂಡಿಗಳಿವೆಯೇ ಎಂದು ಬೆರಳಾಡಿಸಿ ನೋಡಿ ಮಡಚಿಡಬೇಕು. ಬಿಡಿ ಕೊಂಡಿಗಳು, ಕಟ್ಟುವ ತಂತಿ, ತಲೆಗೆ ಕಟ್ಟುವ ಟಾರ್ಚು, ಮಂಡಿಯೂರಲು ಒಂದು ರಬ್ಬರ್ ಹಾಸು, ಉಣ್ಣೆಯ ಗವಸಿನ ಮೇಲೆ ಹಾಕುವ ನೀರು ತಾಗದ ಗವಸು, ಇವಿಷ್ಟೂ ಚೈನಿನ ಚೀಲದಲ್ಲೇ ಇರಲಿ. ಬೇರೆ ಚೀಲದಲ್ಲಿಟ್ಟರೆ ಅದು ಸಾಮಾನುಗಳ ಅಡಿಯಲ್ಲಿ ಸಿಕ್ಕಿಬಿದ್ದು ಬೇಕಾದಾಗ ಕೈಗೆ ಸಿಗುವುದಿಲ್ಲ.