ಬಾಸ್ಜೂ ಬಾಳೆಗೆ ಯಾವ ಗಂಡು? ನಾನು ಟ್ರೈ ಮಾಡಿದ ಮೂರು ಕ್ರಾಸ್

ಅಟ್ಲಾಂಟಾದಲ್ಲಿ ಬಾಳೆ ಹುಚ್ಚು ಹಿಡಿದೋರ ಹಿತ್ತಲಿಗೆ ಮೊದಲು ಬರೋದು ಮೂಸಾ ಬಾಸ್ಜೂ. 2022ರ ಡಿಸೆಂಬರಲ್ಲಿ ಇಲ್ಲಿ ಮೈನಸ್ 13 ಡಿಗ್ರಿ ಹತ್ರ ಹೋಯ್ತಲ್ಲ, ಆಗ ನಮ್ಮನೇದು ಕೊಳೆತು ಅಂಬಲಿ ಥರ ಕುಸಿದುಬಿತ್ತು, ಮುಗೀತು ಕಥೆ ಅನ್ಕೊಂಡಿದ್ದೆ, ಏಪ್ರಿಲ್ ಕೊನೇಲಿ ನೋಡಿದ್ರೆ ಅದೇ ಗಡ್ಡೆಯಿಂದ ಮೂರು ಕಂದು ಎದ್ದಿದ್ವು. ಆದ್ರೆ ಎಲೆ ಮಾತ್ರ ಟಿಶ್ಯೂ ಪೇಪರ್ ಕಣ್ರೀ. ಗಣೇಶನ ಹಬ್ಬಕ್ಕೆ ಕೊಯ್ದು ಹಾಕಿದ್ರೆ ಸಾರು ಬಡಿಸೋಷ್ಟರಲ್ಲಿ ಸೀಳತ್ತೆ. ಹಣ್ಣಂತೂ ನಮ್ಮೂರ ಕಲ್ಲುಬಾಳೆ ಥರ ಬರೀ ಬೀಜ. ನಂಗೆ ಬೇಕಿದ್ದಿದ್ದು ಇದರ ಚಳಿ ತಡೆಯೋ ಗಡ್ಡೆ, ಜೊತೆಗೆ ಊಟಕ್ಕಾಗೋ ಗಟ್ಟಿ ಎಲೆ. ಅದಕ್ಕೇ ಇದನ್ನ ಬೇರೆ ಬಾಳೆ ಜೊತೆ ಕ್ರಾಸ್ ಮಾಡೋಕೆ ಹೊರಟೆ: ಒಂದು ರಾಜಾಪುರಿ, ಜೊತೆಗೆ ವೆಲುಟಿನಾ, ಸಿಕ್ಕಿಮೆನ್ಸಿಸ್ ಅನ್ನೋ ಎರಡು ಕಾಡುಬಾಳೆ.

ರಾಜಾಪುರಿ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಹೆಸರು ನೋಡಿ ಊರಿನ ಪ್ರೀತಿಗೆ ತಂದಿದ್ದು, ಗ್ಯಾರೇಜಲ್ಲಿಟ್ಟು ಗೊನೆ ಬರ್ಸಿದೆ, ಆದ್ರೆ ಅದಕ್ಕೆ ಕ್ರೋಮೋಸೋಮ್ ಮೂರು ಸೆಟ್ಟು, ಸಮ ಪಾಲಾಗಲ್ಲ, ಅದಕ್ಕೇ ತಾನೇ ಹಣ್ಣಲ್ಲಿ ಬೀಜ ಇಲ್ಲದಿರೋದು. ಬ್ರಷ್ ಆಡ್ಸಿದ್ರೆ ಪುಡೀನೇ ಅಂಟ್ಲಿಲ್ಲ. ಬಾಸ್ಜೂ ಸೇರಿ ಮಿಕ್ಕ ಮೂರಕ್ಕೂ ಎರಡೆರಡು ಸೆಟ್ಟು, 22 ಕ್ರೋಮೋಸೋಮ್, ಹಾಗಾಗಿ ಕೂಡೋ ಚಾನ್ಸ್ ಇದೆ.

ವೆಲುಟಿನಾ ನನ್ನ ಚೆನ್ನಾಗಿ ಯಾಮಾರಿಸ್ತು. ಅಸ್ಸಾಂ, ಅರುಣಾಚಲ ಕಡೇದು, ಗುಲಾಬಿ ಹಣ್ಣು, ಹಣ್ಣಾದ್ರೆ ಸಿಪ್ಪೆ ತಾನೇ ಬಿಚ್ಕೊಳತ್ತೆ, ನೆಟ್ಟ ವರ್ಷವೇ ಹೂ ಬಿಡತ್ತೆ. ಇದನ್ನೇ ತಾಯಿ ಮಾಡ್ಕೊಂಡು ಬಾಸ್ಜೂ ಪರಾಗ ಹಚ್ಚಿದೆ, ರಾಶಿ ಬೀಜ ಆಯ್ತು, ಹೆಂಡ್ತಿಗೆಲ್ಲಾ ತೋರಿಸಿ ಕುಣಿದಿದ್ದೂ ಆಯ್ತು. ಸಸಿ ಬೆಳೆದ ಮೇಲೆ ನೋಡಿದ್ರೆ ಎಲ್ಲಾ ಅಮ್ಮನ ಪಡಿಯಚ್ಚು! ಇದರ ಬುಡದ ಹೂವಲ್ಲೇ ಗಂಡು ಹೆಣ್ಣು ಎರಡೂ ಇರತ್ತೆ, ನಾನು ಬ್ರಷ್ ಹಿಡ್ಕೊಂಡು ಹೋಗೋ ಮುಂಚೆನೇ ಮದುವೆ ಮುಗಿದಿರತ್ತೆ. ಉಲ್ಟಾ ಮಾಡಿ ಬಾಸ್ಜೂಗೆ ಇದರ ಪರಾಗ ಹಾಕಿದ್ರೆ ಸಿಕ್ಕಿದ್ದು ಏಳೋ ಎಂಟೋ ಜೊಳ್ಳು ಬೀಜ, ಒಂದೂ ಮೊಳೀಲಿಲ್ಲ.

ಕೊನೆಗೆ ಸಿಕ್ಕಿಮೆನ್ಸಿಸ್. ಎಲೆ ದಪ್ಪ, ಗಾಳಿಗೆ ಅಷ್ಟಾಗಿ ಹರಿಯಲ್ಲ, ಅಡಿಭಾಗ ಕೆಂಪು. ಚಳೀಲಿ ಬಾಸ್ಜೂ ಮುಂದೆ ಡಲ್ಲು, ಜೂನ್ ಬಂದ್ರೂ ಕಂದು ಕಾಣ್ಸಲ್ಲ. ದೊಡ್ಡ ತಲೆನೋವು ಅಂದ್ರೆ ಎರಡೂ ಒಟ್ಟಿಗೆ ಹೂ ಬಿಡ್ಬೇಕು. ಬಾಸ್ಜೂ ಕಾಂಡ ಸತ್ರೆ ಆ ವರ್ಷ ಗೊನೆ ಮರ್ತುಬಿಡಿ, ಅದಕ್ಕೆ ಸುತ್ತ ಕೋಳಿ ಜಾಲರಿ ಕಟ್ಟಿ ಒಣಗಿದ ಓಕ್ ಎಲೆ ತುಂಬಿಸಿದೆ, ಸಿಕ್ಕಿಮ್ಮಿಂದನ್ನ ಡ್ರಮ್ಮಲ್ಲಿ ಬೆಳೆಸಿ ಎರಡು ಚಳಿಗಾಲ ಗ್ಯಾರೇಜಿಗೆ ತಳ್ಳಿದೆ, ಬೆನ್ನು ಹೋಯ್ತು. ಬಾಸ್ಜೂಲಿ ಹೆಣ್ಣು ಹೂ ಮೊದಲು, ಅದೇ ಗೊನೆಯ ಗಂಡು ಹೂ ಎಷ್ಟೋ ದಿನ ಆದ್ಮೇಲೆ ಮೂತೀಲಿ ಬರತ್ತೆ, ಹಾಗಾಗಿ ವೆಲುಟಿನಾ ಥರ ಮೋಸ ಇಲ್ಲ. ಬೆಳಿಗ್ಗೆ ಏಳಕ್ಕೆ ಏಣಿ ಹತ್ತಿ, ಆವಾಗ್ಲೇ ಕಿತ್ತ ಸಿಕ್ಕಿಮೆನ್ಸಿಸ್ ಗಂಡು ಹೂನೇ ಬಾಸ್ಜೂಗೆ ಉಜ್ಜಿ, ಹಳೇ ದಿಂಬಿನ ಕವರ್ ಕಟ್ತಿದ್ದೆ, ಪಕ್ಕದ್ಮನೆಯೋರು ಏನನ್ಕೊಂಡ್ರೋ.

ಎರಡು ಚಿಪ್ಪಿಂದ ಮೂವತ್ತೊಂದು ಬೀಜ, ಹಗಲು ಹೀಟ್ ಮ್ಯಾಟ್ ಆನ್, ರಾತ್ರಿ ಆಫ್, ಎರಡೂವರೆ ತಿಂಗಳಿಗೆ ನಾಲ್ಕು ಮೊಳೀತು. ಎರಡರ ಎಲೆ ಹಿಂದೆ ಕೆಂಪು ಬಂದಿದೆ, ಬಾಸ್ಜೂಲಿ ಅದು ಇರೋದೇ ಇಲ್ಲ. ಹಂಗಾಗಿ ನನ್ನ ವೋಟು ಬಾಸ್ಜೂ ತಾಯಿ, ಸಿಕ್ಕಿಮೆನ್ಸಿಸ್ ತಂದೆ, ಅರ್ಜೆಂಟ್ ಇರೋರಿಗಲ್ಲ ಅಷ್ಟೇ. ಈ ಚಳಿಗೆ ಒಂದನ್ನ ಏನೂ ಸುತ್ತದೆ ಹೊರಗೆ ಬಿಡ್ತೀನಿ, ಇನ್ನೊಂದು ಗ್ಯಾರೇಜಿಗೆ.